ಫ್ಯೂಸ್ ಹೋಗಿಲ್ಲ, ಆದರೂ ವೈರ್ ಸುಡ್ತಿದೆ

ಹಳೇ ಕಾರಿನಲ್ಲಿ ವೈರ್ ಬಿಸಿಯಾದರೆ ಎಲ್ಲರೂ ಮೊದಲು ನೋಡೋದು ಫ್ಯೂಸ್. ಅದು ಸರಿಯಾಗಿದ್ದರೆ ತೊಂದರೆಯಿಲ್ಲ ಅಂತ ಬಾನೆಟ್ ಮುಚ್ಚಿಬಿಡುತ್ತಾರೆ. ಫ್ಯೂಸ್ ಪದೇಪದೇ ಹೋಗುತ್ತಿದ್ದರೆ 15 ಆಂಪಿಯರಿನದು ತೆಗೆದು 30ರದ್ದು ಹಾಕುವವರೂ ಇದ್ದಾರೆ. ಅದು ಸುಮ್ನೆ ಬೆಂಕಿಗೆ ದಾರಿ ಮಾಡಿಕೊಟ್ಟಂತೆ. ಫ್ಯೂಸ್‌ಗೆ ಗೊತ್ತಾಗುವುದು ತನ್ನೊಳಗೆ ಎಷ್ಟು ಕರೆಂಟ್ ಹರಿಯುತ್ತಿದೆ ಅನ್ನೋದು ಮಾತ್ರ. ಆಚೆ ತುದಿಯ ಕನೆಕ್ಟರ್ ಕರಗುತ್ತಿದ್ದರೂ ಅದಕ್ಕೆ ಸುಳಿವೇ ಇರುವುದಿಲ್ಲ.

ಬಿಸಿ ಎಲ್ಲಿದೆ ಅಂತ ನೋಡಿ. ವೈರಿನ ಉದ್ದಕ್ಕೂ ಇದ್ದರೆ ಅದರ ದಪ್ಪಕ್ಕೆ ಕರೆಂಟ್ ಜಾಸ್ತಿಯಾಗಿದೆ. 55 ವ್ಯಾಟ್ ಬಲ್ಬ್ ಜಾಗದಲ್ಲಿ 100 ವ್ಯಾಟಿನದು ಹಾಕಿರ್ತಾರೆ, ಅಲ್ವಾ? 12 ವೋಲ್ಟಿನಲ್ಲಿ ಕರೆಂಟ್ ಸುಮಾರು 4.6ರಿಂದ 8.3 ಆಂಪಿಯರ್‌ಗೆ ಏರುತ್ತದೆ. ಎರಡು ಪಟ್ಟೂ ಆಗಿಲ್ಲ, ಆದರೆ ವೈರಿನಲ್ಲಿ ಹುಟ್ಟುವ ಶಾಖ ಮೂರು ಪಟ್ಟು ದಾಟಿತು. ಶಾಖ ಏರುವುದು ಕರೆಂಟಿನ ವರ್ಗಕ್ಕೆ ತಕ್ಕಂತೆ. ನೀರಿನಲ್ಲಿ ತಂತಿ ಮುಳುಗಿಸಿ, ಕರೆಂಟ್ ಹರಿಸಿ, ನೀರು ಎಷ್ಟು ಬಿಸಿಯಾಯಿತು ಅಂತ ಅಳೆದು 1840ರ ಸುಮಾರಿಗೆ ಇದನ್ನು ಕಂಡುಕೊಂಡವನು ಜೇಮ್ಸ್ ಜೂಲ್, ಇಂಗ್ಲೆಂಡಿನ ಬಿಯರ್ ತಯಾರಕರ ಮನೆಯ ಹುಡುಗ. ಕಾರು ಮಾಡಿದ ಕಾರ್ಲ್ ಬೆಂಜ್ ಆಗಿನ್ನೂ ಹುಟ್ಟೇ ಇರಲಿಲ್ಲ.

ಒಂದು ತುದಿ ಮಾತ್ರ ಸುಡುತ್ತಿದ್ದರೆ ಕಥೆ ಬೇರೆ. ನನಗೆ ಇಷ್ಟವಾದ ಭಾಗವೇ ಇದು. ಟರ್ಮಿನಲ್, ಅಂದರೆ ವೈರಿನ ತುದಿಯ ಲೋಹದ ಹಿಡಿ, ಕಿಲುಬು ಹಿಡಿದು ಬರೀ 0.2 ಓಮ್ ರೋಧ (ಕರೆಂಟಿಗೆ ಅಡ್ಡಿ) ಸೇರಿಕೊಂಡಿದೆ ಅಂದುಕೊಳ್ಳಿ. 10 ಆಂಪಿಯರ್ ಹರಿದರೆ ಆ ಚೂರು ಜಾಗದಲ್ಲಿ 20 ವ್ಯಾಟ್ ಶಾಖ. ಸಣ್ಣ ಸೋಲ್ಡರಿಂಗ್ ಐರನ್ ಕೆಲಸ ಮಾಡುವುದೇ ಹೆಚ್ಚುಕಮ್ಮಿ ಅಷ್ಟರಲ್ಲಿ! ಶಾಖಕ್ಕೆ ಟರ್ಮಿನಲ್ ಬಿಗಿ ಕಳೆದುಕೊಳ್ಳುತ್ತದೆ, ಹಿಡಿತ ಸಡಿಲವಾದಷ್ಟೂ ರೋಧ ಏರುತ್ತದೆ, ರೋಧ ಏರಿದ ಹಾಗೆ ಶಾಖ ಇನ್ನೂ ಜಾಸ್ತಿ, ಕೊನೆಗೆ ಪ್ಲಾಸ್ಟಿಕ್ ಕಂದಾಗಿ ವಾಸನೆ ಬರುತ್ತದೆ. ಇಷ್ಟಾದರೂ ಕರೆಂಟ್ ಏರಿಲ್ಲ, ತುಸು ಇಳಿದೇ ಇರುತ್ತದೆ. ಫ್ಯೂಸ್ ಯಾಕೆ ಹೋದೀತು?

ಇದನ್ನು ಓಮ್ ಅಳೆದು ಹಿಡಿಯಲು ಹೋಗಬೇಡಿ. ಸಾಮಾನ್ಯ ಮಲ್ಟಿಮೀಟರಿನ ವೈರುಗಳಿಗೇ ಹೆಚ್ಚುಕಮ್ಮಿ ಅಷ್ಟು ರೋಧ ಇರುತ್ತದೆ. ಹೆಡ್‌ಲೈಟ್ ಹಾಕಿ, ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಒಂದು ಕಡ್ಡಿ ಕನೆಕ್ಟರಿನ ಈಚೆ, ಇನ್ನೊಂದು ಆಚೆ ಮುಟ್ಟಿಸಿ. ಒಳ್ಳೇ ಜೋಡಣೆಯಲ್ಲಿ 0.1 ವೋಲ್ಟ್ ಕೂಡ ಕಾಣಬಾರದು. 1 ವೋಲ್ಟ್, 2 ವೋಲ್ಟ್ ಬಂದರೆ ಕಳ್ಳ ಸಿಕ್ಕಿಬಿದ್ದ. ಬ್ಯಾಟರಿ ಮೈನಸ್‌ನಿಂದ ಬಲ್ಬಿನ ಅರ್ತ್‌ವರೆಗೂ, ಅಂದರೆ ಕರೆಂಟ್ ಕಾರಿನ ಬಾಡಿ ಮೂಲಕ ವಾಪಸ್ ಹೋಗುವ ದಾರಿಯಲ್ಲೂ, ಹೀಗೇ ನೋಡಿ. ಜನ ಪ್ಲಸ್ ವೈರನ್ನೇ ಬದಲಿಸುತ್ತಾ ಕೂರುತ್ತಾರೆ, ತುಕ್ಕು ಇರುವುದು ಬಾಡಿಗೆ ಬಿಗಿದ ಅರ್ತ್ ಬೋಲ್ಟಿನ ಕೆಳಗೆ.

ರಿಪೇರಿಗೆ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಸುಟ್ಟ ಟರ್ಮಿನಲ್ಲನ್ನು ಉಜ್ಜಿ ಮತ್ತೆ ಹಾಕಬೇಡಿ, ಹೋದ ಬಿಗಿ ವಾಪಸ್ ಬರಲ್ಲ. ಒಳಗಿನ ಎಳೆಗಳು ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಅದೇ ದಪ್ಪದ ವೈರ್ ಸೇರಿಸಿ, ಹೊಸ ಟರ್ಮಿನಲ್ ಕ್ರಿಂಪ್ ಮಾಡಿ (ಇಕ್ಕಳದಲ್ಲಿ ಅಮುಕಿ ಬಿಗಿ ಮಾಡಿ), ಆಮೇಲೆ ಅದೇ ಎರಡು ಜಾಗದಲ್ಲಿ ಮತ್ತೆ ವೋಲ್ಟ್ ಅಳೆಯಿರಿ.