ರಾಗದ ಬೆನ್ನಿಗೆ ಕವಿತೆ, ಕವಿತೆಯ ಬೆನ್ನಿಗೆ ವಿಜ್ಞಾನ: ಕರಾವಳಿಯ ರೇಡಿಯೋ ಸಂಜೆಗಳು

ಸಂಜೆ ಒಂದು ರಾಗ, ಆಮೇಲೆ ಕವಿತಾ ವಾಚನ, ಅದು ಮುಗಿಯುತ್ತಿದ್ದಂತೆ ವಿಜ್ಞಾನದ ಮಾತು. ಕಾರವಾರ, ಕುಮಟಾ, ಶಿರಸಿ ಕಡೆಯ ಹಿರಿಯರಿಗೆ ಈ ಕ್ರಮ ರೂಢಿಯಾಗಿ ಹೋಗಿತ್ತು. ಇದು ಸುಮ್ನೆ ಹಾಗೆ ಬಂದದ್ದಲ್ಲ. ಕೇಳುಗರಿಗೆ ಬೇರೆ ನಿಲಯಗಳ ಆಯ್ಕೆ ಕಡಿಮೆ ಇತ್ತು. ಸರ್ಕಾರಕ್ಕೆ ಜನರ ಅಭಿರುಚಿ ತಿದ್ದುವ ಹಠ ಇತ್ತು.

ಕನ್ನಡ ನಾಡಿನಲ್ಲಿ ಬಾನುಲಿ ಶುರುವಾದದ್ದು ಒಬ್ಬ ಮೇಷ್ಟರ ಮನೆಯಲ್ಲಿ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಪುಟ್ಟ ಪ್ರಸಾರ ಕೇಂದ್ರ ತೆರೆದು ಅದನ್ನು ಆಕಾಶವಾಣಿ ಎಂದು ಕರೆದರು. ನಮ್ಮ ಉತ್ತರ ಕನ್ನಡ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಹತ್ತಿರದ ಕನ್ನಡ ನಿಲಯ ಅಂತ ಸಿಕ್ಕಿದ್ದು 1950ರ ಜನವರಿಯಲ್ಲಿ, ಧಾರವಾಡದಲ್ಲಿ. ಮುಂದೆ ದ.ರಾ. ಬೇಂದ್ರೆ ಆ ನಿಲಯದ ಸಲಹೆಗಾರರಾದರು. ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ದರು. ಇಂಥವರಿದ್ದ ಮೇಲೆ ರಾಗವೂ ಕವಿತೆಯೂ ಒಂದೇ ಸಂಜೆಗೆ ಬರುವುದರಲ್ಲಿ ಆಶ್ಚರ್ಯ ಏನಿದೆ!

ಹಠದ ಕಥೆ ದಿಲ್ಲಿಯದು. 1952ರಲ್ಲಿ ಪ್ರಸಾರ ಖಾತೆಗೆ ಸಚಿವರಾಗಿ ಬಂದ ಬಿ.ವಿ. ಕೇಸ್ಕರ್‌ಗೆ ಸಿನಿಮಾ ಹಾಡು ಕಂಡರಾಗದು. ಅವರ ಕಾಲದಲ್ಲಿ ಚಿತ್ರಗೀತೆ ಹಿಂದೆ ಸರಿಯಿತು, ಶಾಸ್ತ್ರೀಯ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಜನ ಏನು ಮಾಡಿದರು? ಚಿತ್ರಗೀತೆ ಹಾಕುತ್ತಿದ್ದ ಶ್ರೀಲಂಕಾದ ರೇಡಿಯೋ ಸಿಲೋನ್‌ಗೆ ಮುಳ್ಳು ತಿರುಗಿಸಿದರು. ಸರ್ಕಾರ ಸೋತು 1957ರಲ್ಲಿ ಚಿತ್ರಗೀತೆಗೂ ಜಾಗ ಕೊಟ್ಟ ವಿವಿಧ ಭಾರತಿ ತೆರೆಯಬೇಕಾಯಿತು. ಕೇಸ್ಕರ್ ಹಠ ಅತಿಯಾಯಿತು, ನಿಜ. ಆದರೆ ವಾರ್ತೆಗೆಂದು ಕಾದು ಕೂತ ಎಷ್ಟೋ ಮಂದಿಯ ಕಿವಿಗೆ ಖಯಾಲ್‌ನಂಥ ಹಿಂದೂಸ್ತಾನಿ ಗಾಯನ ಬಿದ್ದದ್ದು ಅದರಿಂದಲೇ ಅಂತ ನನಗನಿಸುತ್ತದೆ.

ನಮ್ಮ ಕಡೆ ರೇಡಿಯೋ ಹೇಳಿ ಮಾಡಿಸಿದಂತೆ ಹೊಂದಿದ್ದು ತಾಳಮದ್ದಳೆಗೆ, ಅಂದರೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನಕ್ಕೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಪದ್ಯ, ಮದ್ದಳೆ, ಅರ್ಥಧಾರಿಗಳ ಮಾತು, ಅಷ್ಟೇ. ಕಣ್ಣಿಗೆ ಕೆಲಸವೇ ಇಲ್ಲ. ತೊಡಕು ಒಂದೇ, ಗಡಿಯಾರ. ಊರಲ್ಲಿ ರಾತ್ರಿಯಿಡೀ ನಡೆಯುವ ಪ್ರಸಂಗವನ್ನು ಸ್ಟುಡಿಯೋದಲ್ಲಿ ಅರ್ಧ, ಮುಕ್ಕಾಲು ಗಂಟೆಗೆ ಇಳಿಸಬೇಕು. ಕೃಷ್ಣನಿಗೆ ಸಂಧಾನದ ಮಾತು ಏರುತ್ತಿರುವಾಗಲೇ ಗಾಜಿನ ಆಚೆಯಿಂದ ಕೈಸನ್ನೆ. ಪದ್ಯ ಕತ್ತರಿಸಿ, ಅರ್ಥ ಹಿಡಿದಿಟ್ಟು ಮಾತಾಡುವುದು ಬೇರೆಯೇ ಕಸುಬು.

ವಿಜ್ಞಾನಕ್ಕೆ ಮೊದಮೊದಲು ಸಿಕ್ಕಿದ್ದು ಭಾಷಣದ ಜಾಗ. ಪ್ರಾಧ್ಯಾಪಕರು ಬರೆದು ತಂದದ್ದನ್ನು ಓದುವುದು. ಬೇಜಾರು ಬರದೆ ಇರುತ್ತಿರಲಿಲ್ಲ. 1990ರ ದಶಕದ ಆರಂಭದಲ್ಲಿ ಮಾನವ ವಿಕಾಸದ ಸರಣಿ ಬಂದಾಗ ರೀತಿ ಬದಲಾಯಿತು. 144 ಕಂತು, 18 ಭಾಷೆ. ಹೆಸರು ನೋಂದಾಯಿಸಿದ ಮಕ್ಕಳಿಗೆ, ಶಾಲೆಗಳಿಗೆ ಕಿಟ್ ಉಚಿತ. ರೇಡಿಯೋ ಕೇಳುತ್ತಾ ಕೈಯಲ್ಲಿ ಏನಾದರೂ ಹಿಡಿದು ನೋಡಬಹುದಾಯಿತು.

ಆದರೆ ಕರಾವಳಿಯಲ್ಲಿ ರೇಡಿಯೋ ಕೇಳುವುದೇ ಒಂದು ವಿಜ್ಞಾನ ಪಾಠ. ಮಧ್ಯಮ ತರಂಗ (ಮೀಡಿಯಂ ವೇವ್) ಉಪ್ಪುನೀರಿನ ಮೇಲೆ ಸಲೀಸಾಗಿ ಓಡುತ್ತದೆ, ಒಣ ನೆಲ, ಗುಡ್ಡಗಳ ಮೇಲೆ ಸೊರಗುತ್ತದೆ. ಹಾಗಾಗಿ ಕಾರವಾರಕ್ಕೆ ಪಣಜಿಯ ಕೊಂಕಣಿ ಹಾಡು ಸಲೀಸು, ಘಟ್ಟದಾಚೆಯ ಧಾರವಾಡಕ್ಕೆ ಹಗಲಲ್ಲಿ ಸ್ವಲ್ಪ ಕಸರತ್ತು. ಕತ್ತಲಾದರೆ ಲೆಕ್ಕ ಬೇರೆ. ಹಗಲು ಅಲೆಗಳನ್ನು ನುಂಗುವ ವಾಯುಮಂಡಲದ ಪದರ ರಾತ್ರಿ ಕರಗುತ್ತದೆ. ಅಲೆಗಳು ಇನ್ನೂ ಮೇಲಕ್ಕೆ ಹೋಗಿ ಬಾಗಿ ಇಳಿಯುತ್ತವೆ, ದೂರದೂರದ ನಿಲಯಗಳೆಲ್ಲ ಒಂದರ ಮೇಲೊಂದು ಬಂದು ಬೀಳುತ್ತವೆ. ಆಗ ಟ್ರಾನ್ಸಿಸ್ಟರನ್ನು ಮೇಜಿನ ಮೇಲೆ ನಿಧಾನಕ್ಕೆ ತಿರುಗಿಸಬೇಕು. ಒಳಗೆ ಅಲೆ ಹಿಡಿಯುವ ಫೆರೈಟ್ ಕಡ್ಡಿಯ ತುದಿ ಯಾವ ಕಡೆಗೋ ಆ ಕಡೆಯ ನಿಲಯ ಮೆತ್ತಗಾಗುತ್ತದೆ. ಬೇಡದ ನಿಲಯಕ್ಕೆ ತುದಿ ತೋರಿಸಿದರೆ ಬೇಕಾದದ್ದು ಮೇಲೆ ಬರುತ್ತದೆ. ಮಳೆಗಾಲದ ಮಿಂಚಿನ ಚಟಪಟಕ್ಕೆ ಮಾತ್ರ ಮದ್ದಿಲ್ಲ.

ಈಗ ಕಾರವಾರಕ್ಕೇ 102.3 ಎಫ್‌ಎಂ ಇದೆ. ದನಿ ಸ್ಪಷ್ಟ, ಚಟಪಟ ಇಲ್ಲ. ಆದರೆ ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರ ಸಾಗುವಂಥದ್ದು, ಗುಡ್ಡ ಅಡ್ಡ ಬಂದರೆ ಹಿಂದಿನ ಕೊಪ್ಪಕ್ಕೆ ಸಿಗದು. ಮೊಬೈಲ್ ಆ್ಯಪ್‌ನಲ್ಲಿ ಧಾರವಾಡ, ಮೈಸೂರು, ಮಂಗಳೂರು ಎಲ್ಲ ಸಿಗುತ್ತವೆ ಅಂತ ಪೇಟೆಯವರು ಹೇಳುತ್ತಾರೆ. ಸಿಗುತ್ತವೆ, ನೆಟ್‌ವರ್ಕ್ ಇದ್ದರೆ. ಜೋಯಿಡಾ, ಸಿದ್ದಾಪುರದ ಒಳ ಹಳ್ಳಿಗಳಲ್ಲಿ ಫೋನ್ ಮಾಡಲಿಕ್ಕೇ ದಿಬ್ಬ ಹತ್ತಬೇಕು. ಅಲ್ಲಿಯವರಿಗೆ ಇವತ್ತಿಗೂ ಆ ಹಳೆಯ ಮಧ್ಯಮ ತರಂಗವೇ ಗತಿ.