ಆರ್ಸೆನೊಕೊಯ್ತೈ: ಎರಡು ದಿನ ಸುತ್ತಾಡಿಸಿದ ಪದ

ಸಲಿಂಗ ಸಂಬಂಧದ ಮಾತು ಬಂದಾಗ ಎಲ್ಲರೂ ತೆಗೆಯುವ ಬೈಬಲ್ ವಚನಗಳು ಕೆಲವೇ: ಆದಿಕಾಂಡ 19, ಯಾಜಕಕಾಂಡ 18:22 ಮತ್ತು 20:13, ರೋಮಾಪುರದವರಿಗೆ 1:26-27, 1 ಕೊರಿಂಥ 6:9, 1 ತಿಮೊಥೆ 1:10.

ಆದಿಕಾಂಡ 19ರಲ್ಲಿ ನಾಶವಾಗುವ ಊರು ಸೊದೋಮ್. ಅದು ಸುಲಭ. ಯೆಹೆಜ್ಕೇಲ 16:49 ನೋಡಿ. ಅಲ್ಲಿ ಸೊದೋಮಿನ ತಪ್ಪು ಸೊಕ್ಕು, ಹೊಟ್ಟೆ ತುಂಬಿದ ಸುಖ, ಬಡವರಿಗೆ ನೆರವಾಗದಿದ್ದುದು. ಮುಂದಿನ ವಚನದಲ್ಲಿ 'ಅಸಹ್ಯ' ಅನ್ನೋ ಮಾತೂ ಇದೆ, ಅದನ್ನು ನುಂಗಿಬಿಡಬೇಡಿ.

ನಾನು ಸಿಕ್ಕಿಬಿದ್ದಿದ್ದು 1 ಕೊರಿಂಥದಲ್ಲಿ. ಅಲ್ಲಿ ಎರಡು ಗ್ರೀಕ್ ಪದಗಳು ಜೊತೆಯಾಗಿ ಬರುತ್ತವೆ. ಮೊದಲನೆಯದು 'ಮಲಕೊಯ್', ಅಂದರೆ ಮೆತ್ತಗಿನವರು. ಮತ್ತಾಯ 11:8ರಲ್ಲಿ ನಯವಾದ ಬಟ್ಟೆಗೂ ಇದೇ ಪದ. ಎರಡನೆಯದು 'ಆರ್ಸೆನೊಕೊಯ್ತೈ'. ಆರ್ಸೆನ್ ಅಂದರೆ ಗಂಡು, ಕೊಯ್ತೆ ಅಂದರೆ ಹಾಸಿಗೆ. ಕೂಡಿಸಿದರೆ ಅರ್ಥ ಬಂತು, ಮುಗೀತು ಅಂದುಕೊಂಡೆ.

ಮುಗಿಯಲಿಲ್ಲ. ನಮ್ಮ 'ಹೊಟ್ಟೆಕಿಚ್ಚು' ತಗೊಳ್ಳಿ. ಹೊಟ್ಟೆ, ಕಿಚ್ಚು ಅಂತ ಬಿಡಿಸಿದರೆ ಆಸಿಡಿಟಿ ಆಗಬೇಕು, ಅಲ್ವಾ? ಆದರೆ 'ಮರಗೆಲಸ' ಬಿಡಿಸಿದರೆ ಅರ್ಥ ಸರಿಯಾಗೇ ಸಿಗುತ್ತದೆ. ಅಂದರೆ ಪದ ಒಡೆದರೆ ಸುಳಿವು ಸಿಗುತ್ತದೆ, ತೀರ್ಪು ಸಿಗುವುದಿಲ್ಲ. ಜನ ಹೇಗೆ ಬಳಸಿದರು ಅಂತ ನೋಡಬೇಕು. ತೊಂದರೆ ಅಂದರೆ, ಕೊರಿಂಥದವರಿಗೆ ಈ ಪತ್ರ ಬರೆದ ಪೌಲನಿಗಿಂತ ಹಿಂದಿನ ಬರಹದಲ್ಲಿ ಈ ಪದ ಖಚಿತವಾಗಿ ಎಲ್ಲೂ ಸಿಕ್ಕಿಲ್ಲ.

ಹಾಗಾದರೆ ಬಂದದ್ದೆಲ್ಲಿಂದ? ಯಾಜಕಕಾಂಡದ ಹಳೆಯ ಗ್ರೀಕ್ ಅನುವಾದ ಸೆಪ್ಟುಅಜಿಂಟ್ ನೋಡಿ ಅಂದರು. ನಾನು ಸುಮ್ನೆ 18:22 ದಿಟ್ಟಿಸುತ್ತಾ ಕೂತೆ. ಅಲ್ಲಿ ಈ ಎರಡು ಪದಗಳ ನಡುವೆ ಬೇರೆ ಪದಗಳಿವೆ. ನೋಡಬೇಕಾದದ್ದು 20:13! ಅಲ್ಲಿ 'ಆರ್ಸೆನೊಸ್ ಕೊಯ್ತೇನ್' ಅಂತ ಅಕ್ಕಪಕ್ಕವೇ ಇವೆ. ಪದ ಅಲ್ಲಿಂದಲೇ ಹುಟ್ಟಿತು ಅನ್ನುವ ವಾದ ನನಗಂತೂ ಗಟ್ಟಿ ಅನಿಸಿತು. ಸಲಿಂಗ ಸಂಬಂಧವೇ ತಪ್ಪು ಅನ್ನುವ ಸಾಂಪ್ರದಾಯಿಕ ಓದಿಗೆ ಇದೇ ದೊಡ್ಡ ಆಧಾರ. ಆದರೆ ಪದ ಹುಟ್ಟಿದ ಜಾಗ ಗೊತ್ತಾದ ಮಾತ್ರಕ್ಕೆ ಪೌಲನ ಕಣ್ಣ ಮುಂದೆ ಇದ್ದವರು ಯಾರು ಅಂತ ಗೊತ್ತಾಗುವುದಿಲ್ಲ. ಹುಡುಗರನ್ನು ಬಳಸಿಕೊಳ್ಳುವ ದೊಡ್ಡವರಾ, ಗುಲಾಮರ ಯಜಮಾನರಾ, ಇಬ್ಬರೂ ಒಪ್ಪಿ ಕೂಡಿದವರಾ? ಜಗಳ ಇರುವುದು ಇಲ್ಲಿ.

ಅನುವಾದಕರೂ ಒದ್ದಾಡಿದ್ದಾರೆ. ಬೈಬಲನ್ನು ಜರ್ಮನ್‌ಗೆ ತಂದ ಧರ್ಮಸುಧಾರಕ ಲೂಥರ್ 'ಹುಡುಗರನ್ನು ಕೆಡಿಸುವವರು' ಅಂತ ಬರೆದ. 1946ರ ಇಂಗ್ಲಿಷ್ ಬೈಬಲ್ ಅನುವಾದ ಆರ್‌ಎಸ್‌ವಿ ಎರಡೂ ಪದಗಳನ್ನು ಸೇರಿಸಿ 'ಹೋಮೋಸೆಕ್ಷುಯಲ್ಸ್' ಅಂದಿತು. 1971ರಲ್ಲಿ ಆ ಪದ ತೆಗೆದರು. ಅದರ ಪರಿಷ್ಕೃತ ರೂಪ, 1989ರ ಎನ್‌ಆರ್‌ಎಸ್‌ವಿ, ಮತ್ತೆ ಎರಡನ್ನೂ ಬೇರೆ ಮಾಡಿತು.

ರೋಮಾಪುರ 1 ಓದುವಾಗ 11:24 ಪಕ್ಕದಲ್ಲೇ ತೆರೆದಿಡಿ. ರೋಮಾಪುರ 1ರಲ್ಲಿ ಸಲಿಂಗ ಸಂಬಂಧಕ್ಕೆ ಬಳಸಿದ 'ಪ್ಯಾರಾ ಫ್ಯೂಸಿನ್', ಸ್ವಭಾವಕ್ಕೆ ವಿರುದ್ಧ ಅನ್ನುವ ಅದೇ ಮಾತು 11:24ರಲ್ಲೂ ಇದೆ. ಅಲ್ಲಿ ಕಾಡು ಆಲಿವ್ ಕೊಂಬೆಯನ್ನು ತೋಟದ ಮರಕ್ಕೆ ಕಸಿ ಕಟ್ಟುವವನು ದೇವರು. ಅಂದರೆ ಆ ಮಾತೊಂದರಿಂದಲೇ ತಪ್ಪು ಅಂತ ತೀರ್ಮಾನಿಸುವುದು ಕಷ್ಟ.