‘ಸುಮ್ನೆ ಕೂತಿತ್ತು, ಒಮ್ಮೆಲೇ ಕಚ್ಚಿತು’: ನಾಯಿಯ ಹಠಾತ್ ಸಿಟ್ಟಿನ ಬಗ್ಗೆ ಒಂದು ಟಿಪ್ಪಣಿ

“ಏನೂ ಮಾಡಿಲ್ರಿ ಸರ. ಸುಮ್ನ ಕುಂತಿತ್ತು. ಒಮ್ಮೆಲೇ ಕಚ್ಚಿಬಿಡ್ತು.”

ಕಲಬುರಗಿಯ ಒಂದು ಪಶು ದವಾಖಾನೆಯಲ್ಲಿ ತರಬೇತಿಗೆ ನಿಂತ ಮೊದಲ ವಾರದಲ್ಲೇ ನಾನು ಕೇಳಿದ ಮಾತಿದು. ಹೇಳಿದವರು ಆಳಂದ ರಸ್ತೆ ಕಡೆಯ ಒಬ್ಬ ಕಾಕಾ. ಎಡಗೈಗೆ ಟವೆಲ್ ಸುತ್ತಿಕೊಂಡಿದ್ದರು. ಜೊತೆಗೆ ಆರು ವರ್ಷದ ಲ್ಯಾಬ್ರಡಾರ್, ಮನೆ ಮಕ್ಕಳ ಜೊತೆ ಮಲಗುವ ನಾಯಿ. ಕೊರಳಪಟ್ಟಿ ಹಾಕಲು ಹೋದಾಗ ಕಚ್ಚಿತ್ತು.

ನಾನು ಕೇಸ್ ಪೇಪರ್ ಮೇಲೆ ‘ಕಾರಣವಿಲ್ಲದ ಆಕ್ರಮಣ’ ಎಂದು ಬರೆದೆ. ನಮ್ಮ ಡಾಕ್ಟರ್ ನೋಡಿ ಅದನ್ನು ಹೊಡೆದು ಹಾಕಿದರು. “ಕಾರಣ ಇಲ್ಲ ಅಂತ ಕೊನೆಗೆ ಬರೀಬೇಕು, ಮೊದಲಿಗೆ ಅಲ್ಲ” ಅಂದರು. ಈ ಟಿಪ್ಪಣಿ ಪೂರ್ತಿ ಆ ಒಂದು ಮಾತಿನ ವಿವರಣೆ.

ಮೊದಲು ಮನುಷ್ಯ, ಆಮೇಲೆ ನಾಯಿ

ಅವರು ಮೊದಲು ನೋಡಿದ್ದು ಕಾಕಾ ಅವರ ಕೈ. ಗಾಯಕ್ಕೆ ಅರಿಶಿನ ಮೆತ್ತಿದ್ದರು. ನಮ್ಮ ಕಡೆ ಅರಿಶಿನ, ಸುಣ್ಣ, ಖಾರದಪುಡಿ ಹಚ್ಚುವುದು ಜಾಸ್ತಿ. ಇದ್ಯಾವುದೂ ಬೇಡ. ಹರಿಯುವ ನೀರಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. 15 ನಿಮಿಷ ಅಂದರೆ ಗಡಿಯಾರ ನೋಡಿ 15. ಆಮೇಲೆ ನೇರ ಆಸ್ಪತ್ರೆಗೆ. ನಾಯಿಗೆ ಲಸಿಕೆ ಆಗಿದೆ, ಮನೆ ನಾಯಿಯೇ ಅಲ್ವಾ ಎಂದು ಕಾಯುವುದು ತಪ್ಪು. ಸ್ನಾಯುವಿಗೆ ಕೊಡುವ ರೇಬೀಸ್ ಚುಚ್ಚುಮದ್ದು 0, 3, 7, 14, 28ನೇ ದಿನ. ಚರ್ಮದೊಳಗೆ ಕೊಡುವ ಕ್ರಮದಲ್ಲಿ 0, 3, 7, 28. ಹಲ್ಲು ಚರ್ಮ ಸೀಳಿ ರಕ್ತ ಬಂದಿದ್ದರೆ ಇಮ್ಯುನೊಗ್ಲಾಬ್ಯುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳ ಮದ್ದು) ಕೂಡ ಬೇಕು.

ನಾಯಿಯನ್ನು 10 ದಿನ ಕಟ್ಟಿ ಗಮನಿಸುತ್ತಾರೆ. ಕಾರಣ ಇಷ್ಟೇ: ಲಕ್ಷಣ ಕಾಣುವ ಕೆಲವು ದಿನ ಮೊದಲೇ ಜೊಲ್ಲಿನಲ್ಲಿ ವೈರಸ್ ಇರುತ್ತದೆ. ಕಚ್ಚಿದ ದಿನ ಜೊಲ್ಲಿನಲ್ಲಿ ವೈರಸ್ ಇದ್ದಿದ್ದರೆ 10 ದಿನದೊಳಗೆ ನಾಯಿಗೆ ರೋಗ ಕಾಣಬೇಕು. ದನಿ ಬದಲಾಗುವುದು, ಕಲ್ಲು ಕಟ್ಟಿಗೆ ಕಚ್ಚುವುದು, ನಡಿಗೆ ತೂರಾಡುವುದು ನೋಡಿ. ಆದರೆ ಹುಚ್ಚು ಹಿಡಿದ ನಾಯಿ ಯಾವಾಗಲೂ ಮೈಮೇಲೆ ಬರುವುದಿಲ್ಲ. ಇನ್ನೊಂದು ಬಗೆಯಲ್ಲಿ ಮೂಲೆ ಹಿಡಿದು ಸುಮ್ಮನಾಗುತ್ತದೆ, ಕೆಳದವಡೆ ಜೋತು ಬೀಳುತ್ತದೆ, ಜೊಲ್ಲು ಸುರಿಯುತ್ತದೆ. ನೋಡಿದವರಿಗೆ ಗಂಟಲಲ್ಲಿ ಎಲುಬು ಸಿಕ್ಕಂತೆ ಅನಿಸುತ್ತದೆ. ಗೆಳೆಯರೇ, ಆ ಬಾಯಿಗೆ ಬರಿಗೈ ಹಾಕಬೇಡಿ. ಇದನ್ನು ಗೋಡೆ ಮೇಲೆ ಬರೆದು ಹಾಕಿಕೊಳ್ಳಿ.

ಕಿವಿ

ಕಾಕಾ ಅವರ ನಾಯಿಗೆ ವರ್ಷಾವರ್ಷ ಲಸಿಕೆ ಆಗಿತ್ತು, ಕಾರ್ಡ್ ಇತ್ತು. ನಡಿಗೆ ಸರಿ, ದನಿ ಸರಿ, ನೀರು ಕುಡಿಯಿತು. ಮೂತಿಗೆ ಬ್ಯಾಂಡೇಜ್ ಪಟ್ಟಿ ಕಟ್ಟಿದೆವು: ಮೂತಿ ಸುತ್ತ ಒಂದು ಸುತ್ತು, ಗದ್ದದ ಕೆಳಗೆ ಒಂದು ಗಂಟು, ಕಿವಿ ಹಿಂದೆ ಇನ್ನೊಂದು. ನಮ್ಮ ಏಪ್ರಿಲ್ ಬಿಸಿಲಲ್ಲಿ ಇದನ್ನು ಒಂದೆರಡು ನಿಮಿಷಕ್ಕಿಂತ ಹೆಚ್ಚು ಬಿಡಬಾರದು. ನಾಯಿ ಬಾಯಿ ತೆರೆದು ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು.

ಡಾಕ್ಟರ್ ಬೆನ್ನಿನಿಂದ ಶುರು ಮಾಡಿದರು. ಬೆನ್ನು, ಸೊಂಟ, ಮಂಡಿ, ಹೊಟ್ಟೆ. ನಾಯಿ ಸುಮ್ಮನಿತ್ತು. ಕೈ ಕೊರಳ ಹತ್ತಿರ ಬಂದಾಗ ಅದರ ಮೈ ಬಿಗಿಯಾಯಿತು. ಉಸಿರು ಒಂದು ಗಳಿಗೆ ನಿಂತಿತು. ತಲೆ ಆ ಕಡೆ ತಿರುಗಿಸಿತು, ಕಣ್ಣು ಮಾತ್ರ ಕೈ ಮೇಲೇ, ಬಿಳಿಭಾಗ ಕಾಣುವಷ್ಟು ಓರೆಯಾಗಿ. ಬಲಗಿವಿ ಎತ್ತಿದರೆ ಹುಳಿ ವಾಸನೆ, ಕಂದು ಕೊಳೆ, ಒಳಗೆಲ್ಲ ಕೆಂಪು. ಕೊರಳಪಟ್ಟಿ ಎಳೆದಾಗಲೆಲ್ಲ ಆ ಕಿವಿಯ ಬುಡಕ್ಕೆ ಉಜ್ಜುತ್ತಿತ್ತು.

“ಕಿವಿ ಕೊಡವೋದು ಎಷ್ಟು ದಿನದಿಂದ?” ಎಂದು ಕೇಳಿದರೆ ಕಾಕಾ ಯೋಚಿಸಿ, “ಹೌದ್ರಿ, ಯುಗಾದಿ ಮುಂಚಿಂದ ಕೊಡವತದ” ಅಂದರು. ಕೊರಳಪಟ್ಟಿ ತಂದಾಗ ಗುರ್ ಅನ್ನುತ್ತಿತ್ತಂತೆ. ಮಗ ಬೈದು ಎರಡು ಏಟು ಹಾಕಿದ ಮೇಲೆ ಗುರುಗುಟ್ಟುವುದು ಬಿಟ್ಟಿತ್ತಂತೆ.

ಇಲ್ಲಿ ಸ್ವಲ್ಪ ನಿಲ್ಲೋಣ. ತುಟಿ ನೆಕ್ಕುವುದು, ಆಕಳಿಸುವುದು, ಮುಖ ತಿರುಗಿಸುವುದು, ಮೈ ಬಿಗಿಯುವುದು, ಗುರುಗುಟ್ಟುವುದು, ಗಾಳಿಯಲ್ಲಿ ಬಾಯಿ ಹಾಕುವುದು: ನಾಯಿ ಕಚ್ಚುವ ಮೊದಲು ಸಾಮಾನ್ಯವಾಗಿ ಹೇಳುವ ಮಾತುಗಳಿವು. ಗುರ್ ಅಂದಿದ್ದಕ್ಕೆ ಹೊಡೆದರೆ ನೋವು ಹೋಗುವುದಿಲ್ಲ, ಮಾತು ಮಾತ್ರ ಹೋಗುತ್ತದೆ. ಆಮೇಲೆ ಕಚ್ಚಿದ್ದು ಮನೆಯವರಿಗೆ ‘ಒಮ್ಮೆಲೇ’ ಕಾಣುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಕಂಡಿದ್ದೇ ಅಷ್ಟು.

ಇನ್ನೆಲ್ಲಿ ಹುಡುಕಬೇಕು

ಹಲ್ಲು, ಕೀಲು, ಬೆನ್ನು ಇವು ಮೊದಲು. ನಮ್ಮ ಭಾಗದಲ್ಲಿ ಉಣ್ಣಿ ಜ್ವರವನ್ನು ಮರೆಯಲೇಬಾರದು. ಕಂದು ಉಣ್ಣಿ ಕಲ್ಲಿನ ಗೋಡೆಯ ಸಂದಿನಲ್ಲಿ, ಫರಸಿಯ ಬಿರುಕಿನಲ್ಲಿ ಆರಾಮಾಗಿ ಬದುಕುತ್ತದೆ. ಅದರಿಂದ ಬರುವ ಎರ್ಲಿಕಿಯಾ ಸೋಂಕಿನಲ್ಲಿ ಜ್ವರ, ಕೀಲುನೋವು, ಪ್ಲೇಟ್‌ಲೆಟ್ ಇಳಿತ, ಕೆಲವೊಮ್ಮೆ ಮೂಗಿನಿಂದ ರಕ್ತ. ಮೈ ನೋಯುವ ನಾಯಿಯನ್ನು ಮಗು ಅಪ್ಪಿಕೊಂಡರೆ ಏನಾಗಬಹುದು ಯೋಚಿಸಿ.

ವಯಸ್ಸಾದ ನಾಯಿಯಲ್ಲಿ ಕಣ್ಣು ಕಿವಿ ಪರೀಕ್ಷಿಸಿ. ಕೇಳಿಸದ ನಾಯಿಯನ್ನು ನಿದ್ದೆಯಲ್ಲಿ ಮುಟ್ಟಿದರೆ ಬೆಚ್ಚಿ ಬಾಯಿ ಹಾಕುತ್ತದೆ. ಮೂರ್ಛೆ ಬಂದು ಎದ್ದ ನಾಯಿಗೆ ಸ್ವಲ್ಪ ಹೊತ್ತು ಮನೆಯವರ ಗುರುತೇ ಸಿಗದಿರಬಹುದು. ತುರಿಕೆಗೆ ಸ್ಟಿರಾಯ್ಡ್ ಗುಳಿಗೆ ಕೊಡುತ್ತಿದ್ದಾರಾ ಕೇಳಿ, ಅದರಿಂದ ಹಸಿವು ಹೆಚ್ಚಿ, ತಟ್ಟೆ ಹತ್ತಿರ ಬಂದವರ ಮೇಲೆ ಸಿಡುಕುವುದುಂಟು. ಥೈರಾಯ್ಡ್ ಕೊರತೆಯ ಅನುಮಾನ ಬಂದರೆ ಟಿ4 (ರಕ್ತದಲ್ಲಿನ ಥೈರಾಯ್ಡ್ ಹಾರ್ಮೋನು) ಒಂದನ್ನೇ ನಂಬಬೇಡಿ. ಬೇರೆ ಹಲವು ಕಾಯಿಲೆಗಳಲ್ಲೂ ಅದು ಇಳಿಯಬಹುದು, ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನು) ಜೊತೆ ಓದಿ.

ಇದೆಲ್ಲ ಮುಗಿದ ಮೇಲೂ ಏನೂ ಸಿಗದ ಕೆಲವು ನಾಯಿಗಳಿವೆ. ಪುಸ್ತಕದಲ್ಲಿ ಇದಕ್ಕೆ ‘ರೇಜ್ ಸಿಂಡ್ರೋಮ್’ ಎಂಬ ಹೆಸರಿದೆ. ಇಂಗ್ಲಿಷ್ ಸ್ಪ್ರಿಂಗರ್ ಸ್ಪ್ಯಾನಿಯಲ್ ಮತ್ತು ಕಾಕರ್ ಸ್ಪ್ಯಾನಿಯಲ್ ತಳಿಗಳ ಹೆಸರು ಹೆಚ್ಚಾಗಿ ಬರುತ್ತದೆ. ಮಲಗಿದ್ದ ನಾಯಿ ಎದ್ದು, ಕಣ್ಣು ಎಲ್ಲೋ ನೆಟ್ಟು, ಜೋರಾಗಿ ಕಚ್ಚಿ, ಆಮೇಲೆ ಏನೂ ಆಗದಂತೆ ಬಾಲ ಅಲ್ಲಾಡಿಸುತ್ತದೆ. ಮೆದುಳಿನ ಮೂರ್ಛೆಯ ಒಂದು ರೂಪವೆಂಬ ವಾದವಿದೆ. ಕೆಲವು ನಾಯಿಗಳಿಗೆ ಮೂರ್ಛೆಯ ಮದ್ದಾದ ಫಿನೊಬಾರ್ಬಿಟಾಲ್ ಕೊಟ್ಟು ನೋಡುತ್ತಾರೆ. ಆದರೆ ಇದು ಬಹಳ ಅಪರೂಪ. ಪರೀಕ್ಷೆಗೆ ಓದುವಾಗ ಈ ಹೆಸರು ಬೇಗ ನೆನಪಾಗುತ್ತದೆ, ಮೇಜಿನ ಮುಂದೆ ನಿಂತಾಗ ಕಿವಿ ಎತ್ತಿ ನೋಡುವುದು ಮರೆತುಹೋಗುತ್ತದೆ. ನನಗೆ ಆಗಿದ್ದೂ ಅದೇ.

ಕಾಕಾ ಮೂರು ವಾರದ ಮೇಲೆ ಮತ್ತೆ ಬಂದರು. ಕಿವಿ ಒಣಗಿತ್ತು, ವಾಸನೆ ಇರಲಿಲ್ಲ. ಆದರೂ ತಲೆ ಮೇಲಿಂದ ಕೈ ಬಂದರೆ ನಾಯಿ ಮೈ ಬಿಗಿಯುತ್ತಿತ್ತು. ಡಾಕ್ಟರ್ ಅವರಿಗೆ ಕೊರಳಪಟ್ಟಿಯನ್ನು ಗದ್ದದ ಕೆಳಗಿನಿಂದ ತರಲು ಹೇಳಿಕೊಟ್ಟರು. ಮೊದಲು ತೋರಿಸಿ ಒಂದು ಚೂರು ರೊಟ್ಟಿ, ತಾಗಿಸಿ ಇನ್ನೊಂದು ಚೂರು, ಮೈ ಬಿಗಿದರೆ ಅಲ್ಲಿಗೇ ನಿಲ್ಲಿಸುವುದು. ಅವತ್ತು ಬಕಲ್ ಹಾಕಲಿಲ್ಲ. ಕೊರಳಿಗೆ ತಾಗಿಸಿದ್ದಷ್ಟೇ.